ಮದುವೆಗೊಂದು ಬಣ್ಣ

ಹೋದ ರಜೆಯಲ್ಲಿ ನೀವು ಪಡಸಾಲೆಯಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿದ್ದಾಗ ನಿಮ್ಮಲ್ಲಿ ಒಬ್ಬಳು ಕೇಳಿದಳು, “ಆಯಿ, ಎಲ್ಲಾ ಕಂಬಾ ಕಟ್ಟಿಗಿ ಬಣ್ಣದ್ದು ಅದಾವು, ಇದೊಂದ ಯಾಕ ಕೆಂಪೈತಿ?” ನಾನು ರೊಟ್ಟಿ ಬಡಿಯುತ್ತಿದ್ದೆ. ಆಮೇಲೆ ಹೇಳುತ್ತೇನೆ ಎಂದೆ, ಹೇಳಲಿಲ್ಲ. ನಾಲ್ಕು ಮಂದಿಯ ಮುಂದೆ ಕುಳಿತು ಮಾತಾಡುವುದು ನನಗೆ ಎಂದೂ ಬಂದಿಲ್ಲ, ಆ ನಾಲ್ಕು ಮಂದಿ ನನ್ನ ಮೊಮ್ಮಕ್ಕಳೇ ಆದರೂ. ನಂದಗಡದ ಹತ್ತಿರದ ನನ್ನ ತವರು ಹಳ್ಳಿಯ ಸಾಲೆಯಲ್ಲಿ ಕಲಿತ ಅಕ್ಷರಗಳು ಇನ್ನೂ ಕೈಯಲ್ಲಿವೆ. ಅದಕ್ಕೆ ಬರೆದಿಡುತ್ತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಿಮ್ಮ ಅಜ್ಜ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮಾವನವರು ಅದಕ್ಕೂ ಮೊದಲೇ ಹೋಗಿದ್ದರು. ಖಾನಾಪುರದ ಈ ವಾಡೆಯಲ್ಲಿ ನಾನು, ನನ್ನ ಅತ್ತೆ, ಸಾಲೆಗೆ ಹೋಗುವ ನಿಮ್ಮ ಅವ್ವ, ಇಷ್ಟೇ ಜನ. ಪಡಸಾಲೆಯಲ್ಲಿ ಖಾನಾವಳಿ ನಡೆಸುತ್ತಿದ್ದೆವು. ಹಂಚಿನ ಕಾರಖಾನೆಯವರು, ಕಟ್ಟಿಗೆ ಡಿಪೋದವರು, ತಾಲೂಕು ಕಚೇರಿಯವರು, ಊರಲ್ಲಿ ಸಂಸಾರ ಬಿಟ್ಟು ಬಂದ ಗಂಡಸರು ಎರಡು ಹೊತ್ತು ಉಂಡು ಹೋಗುತ್ತಿದ್ದರು. ನಾನು ಅಡಿಗೆ ಮಾಡಿ ಪಾತ್ರೆಗಳನ್ನು ನಡುಮನೆಯ ಬಾಗಿಲವರೆಗೆ ತಂದಿಡುತ್ತಿದ್ದೆ. ಅಲ್ಲಿಂದ ಮುಂದೆ ಅತ್ತೆಯ ರಾಜ್ಯ. ಅವರು ಬಡಿಸುತ್ತಿದ್ದರು, ಬೈಯುತ್ತಿದ್ದರು, ಇನ್ನೊಂದು ರೊಟ್ಟಿ ಹಾಕುತ್ತಿದ್ದರು. ಬಹಳ ದಿನ ಉಂಡವರಿಗೂ ನನ್ನ ದನಿ ಹೇಗಿದೆ ಎಂಬುದು ಗೊತ್ತಿರಲಿಲ್ಲ.

ವಾಡೆ ಆಗಲೇ ಬಹಳ ಹಳೆಯದು. ನನ್ನ ಮಾವನವರ ಅಜ್ಜ ಕಟ್ಟಿಸಿದ್ದಂತೆ. ಪಡಸಾಲೆಯ ಕಂಬಗಳೆಲ್ಲ ಸಾಗವಾನಿ. ಬುಡದಲ್ಲಿ ಕಮಲ, ಮೇಲೆ ತೊಲೆಯನ್ನು ಹೊರುವ ಕಡೆ ಗಿಳಿ, ಬಳ್ಳಿ. ಆದರೆ ಮಾಡು, ಮೇಲಿನ ಹಂಚಿನ ಛಾವಣಿ, ಸೋರುತ್ತಿತ್ತು. ಖಾನಾಪುರದ ಮಳೆ ನಿಮಗೆ ಗೊತ್ತಲ್ಲ. ಜೂನಿನಲ್ಲಿ ಕುಳಿತರೆ ಗಣಪತಿ ಹಬ್ಬದ ತನಕ ಎದ್ದು ಹೋಗುವುದಿಲ್ಲ. ಆ ವರ್ಷ ಅತ್ತೆಯ ಹಾಸಿಗೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆದೆಳೆದು ಮಳೆಗಾಲ ಕಳೆದೆವು. ಒಂದು ತೊಲೆಯ ತುದಿ ನೆನೆದು ಮೆತ್ತಗಾಗಿತ್ತು.

ನನ್ನ ಮೈದುನ ಬೆಳಗಾವಿಯ ಖಾಸಬಾಗದಲ್ಲಿ ಇದ್ದರು. ಅಲ್ಲಿ ನೇಕಾರರಿಗೆ ನೂಲು ಮಾರುವ ಸಣ್ಣ ಅಂಗಡಿ. ಮನೆಯಲ್ಲಿ ಅರ್ಧ ಹಕ್ಕು ಅವರದು. ದೀಪಾವಳಿಗೆ ಬಂದವರು ತೊಲೆಯನ್ನು ಬೆರಳಿನಿಂದ ಒತ್ತಿ ನೋಡಿ, ತಾಯಿಯ ಮುಂದೆ ಕುಳಿತು ಹೇಳಿದರು.

“ಯವ್ವಾ, ಇದು ಬೀಳೂದs ಐತಿ. ಬಿದ್ದ ಮ್ಯಾಲ ಮಾರಿದ್ರ ಉರಿಯಾಕ ಹಾಕೂ ಕಟ್ಟಿಗಿ ದರಾ ಕೊಡ್ತಾರ. ಈಗ ಬಿಚ್ಚಿದ್ರ ಸಾಗವಾನಿ ದರಾ. ಒಬ್ಬ ಗಿರಾಕಿ ಅದಾನ. ನೀವೆಲ್ಲಾ ಖಾಸಬಾಗಕ್ಕ ಬರ್ರಿ, ಸಣ್ಣದs ಇರಲಿ, ಆರ್‌ಸಿಸಿ ಮನಿ ತಗೋಳೂಣು.”

ಅತ್ತೆ ಕಂಬಕ್ಕೆ ಬೆನ್ನು ಹಚ್ಚಿ ಕುಳಿತಿದ್ದರು. “ನನ್ನ ಮೂಗಿನ ನತ್ತೂ ಬಿಚ್ಚಿ ಆತು, ಇನ್ನ ಮನಿ ಬಿಚ್ಚು,” ಎಂದರು. ಮೈದುನರು ನಕ್ಕರು. ಅವರು ಕೆಟ್ಟವರಲ್ಲ. ತಾಯಿ ತೊಯ್ದ ಹಾಸಿಗೆಯಲ್ಲಿ ಮಲಗುವುದು ಅವರಿಗೂ ಸಂಕಟವೇ ಆಗಿತ್ತು.

ಈ ಮಾತು ಪಡಸಾಲೆಯಲ್ಲಿ ಆಡಿದ್ದರಿಂದ ಊಟಕ್ಕೆ ಬರುವವರಿಗೂ ತಿಳಿಯಿತು. ತಾಲೂಕು ಕಚೇರಿಯ ಗುಮಾಸ್ತರೊಬ್ಬರು ಕೈ ತೊಳೆಯುತ್ತ ಅತ್ತೆಗೆ ಹೇಳಿದರು: ಹಳೆಯ ಕಾಲದ ಮನೆಗಳನ್ನು ಕೆಡವದೆ ದುರಸ್ತಿ ಮಾಡಿಸಿಕೊಳ್ಳುವವರಿಗೆ ಸರ್ಕಾರ ಅರ್ಧ ಖರ್ಚು ಕೊಡುವ ಯೋಜನೆಯೊಂದು ಬಂದಿದೆ, ಮನೆಪಟ್ಟಿಯ ಕರದಲ್ಲೂ ಸೂಟು, ಅಂದರೆ ರಿಯಾಯಿತಿ, ಇದೆ, ಅರ್ಜಿ ಬೆಳಗಾವಿಯಲ್ಲಿ ಕೊಡಬೇಕು. ಅತ್ತೆ ನಂಬಲಿಲ್ಲ. “ಸರಕಾರ ಎಂದಾರ ಕೊಟ್ಟೈತೇನ, ಒಯ್ಯೂದಷ್ಟ ಗೊತ್ತು.” ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಮರುದಿನ ನಿಮ್ಮ ಅವ್ವನ ಕೈಯಿಂದ ಗುಮಾಸ್ತರ ತಾಟಿನ ಪಕ್ಕದಲ್ಲಿ ಒಂದು ಚೀಟಿ ಇಡಿಸಿದೆ: ಯಾವ ಕಚೇರಿ, ಏನೇನು ಕಾಗದ ಬೇಕು, ದಯಮಾಡಿ ಬರೆದುಕೊಡಿ. ಅವರು ಊಟ ಬಿಟ್ಟು ಮೊದಲು ಬರೆದುಕೊಟ್ಟರು.

ಹೀಗೆ ನಾನು ಒಬ್ಬಳೇ ರೈಲು ಹತ್ತಿ ಬೆಳಗಾವಿಗೆ ಹೋಗತೊಡಗಿದೆ. ಆಗಿನ ಪ್ಯಾಸೆಂಜರ್ ಗಾಡಿ ದೇಸೂರಿನಲ್ಲಿ ಬಹಳ ಹೊತ್ತು ನಿಲ್ಲುತ್ತಿತ್ತು, ಎದುರಿನ ಗಾಡಿಗೆ ದಾರಿ ಕೊಡಲಿಕ್ಕೆ. ಹಾಲಿನ ಕ್ಯಾನಿನವರು, ಕಾಯಿಪಲ್ಯದ ಬುಟ್ಟಿಯವರು ಅಲ್ಲಿ ಹತ್ತುತ್ತಿದ್ದರು. ಮರಾಠಿಯಲ್ಲಿ ಒಬ್ಬಳು, ಕನ್ನಡದಲ್ಲಿ ಒಬ್ಬಳು ಜಗಳ ತೆಗೆದು, ಬೆಳಗಾವಿ ಬರುವುದರೊಳಗೆ ಒಂದೇ ಎಲೆಯಡಿಕೆ ಚೀಲದಲ್ಲಿ ಕೈ ಹಾಕುತ್ತಿದ್ದರು. ನಾನು ಕಿಟಕಿಗೆ ಮುಖ ಮಾಡಿ, ಕಚೇರಿಯಲ್ಲಿ ಆಡಬೇಕಾದ ಮಾತನ್ನು ತುಟಿಯೊಳಗೆ ತಿರುಗಿ ತಿರುಗಿ ಅನ್ನುತ್ತಿದ್ದೆ. ಕಚೇರಿಯ ಮೇಜಿನ ಮುಂದೆ ನಿಂತಾಗ ಅದರಲ್ಲಿ ಅರ್ಧ ಮಾತ್ರ ಹೊರಗೆ ಬರುತ್ತಿತ್ತು.

ಮನೆಯ ಹಕ್ಕಿನ ಉತಾರ, ನಕ್ಷೆ, ಕಂಬಗಳ ಫೋಟೋ ಎಲ್ಲ ಕೊಟ್ಟದ್ದಾಯಿತು. ಮೈದುನರಿಗೂ ಹೇಳಿದೆ. ಅವರು ತಲೆ ಕೆರೆದುಕೊಂಡು ಒಂದು ಗಡುವು ಹಾಕಿದರು.

“ಆತು ವೈನಿ. ಯುಗಾದಿ ಒಳಗ ಸರಕಾರದ ಹುಕುಂ ಬಂದ್ರ ನಾ ಸಹಿ ಮಾಡ್ತೀನಿ. ಬರಲಿಲ್ಲಂದ್ರ ಯುಗಾದಿ ಮರುದಿನಾ ಕಟ್ಟಿಗಿಯಾವ ಬರ್ತಾನ. ಆಮ್ಯಾಲ ನನಗ ಏನೂ ಅನಬ್ಯಾಡ್ರಿ.”

ಸಂಕ್ರಾಂತಿ ಕಳೆದ ಮೇಲೆ ಕಾಗದ ಬಂತು. ಮನೆ ನೋಡಲು ಧಾರವಾಡದಿಂದ ಸಾಹೇಬರು ಬರುತ್ತಾರೆ, ಅವರು ನೋಡಿ ಬರೆದ ಮೇಲೆಯೇ ಮುಂದಿನದು. ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಗಡಿಬಿಡಿ.

ಈ ಮನೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಮನೆಯಲ್ಲಿ ಮದುವೆಯಾದಾಗಲೆಲ್ಲ ಪಡಸಾಲೆಯ ಕಂಬಗಳಿಗೆ ಹೊಸ ಬಣ್ಣ. ಪ್ರತಿ ಮದುವೆಗೂ ಬೇರೆ ಬಣ್ಣ, ಹಿಂದಿನದರ ಮೇಲೆಯೇ. ಅದು ಶುರುವಾದದ್ದು ಅತ್ತೆ ಬಂದಾಗ, ಕಾವಿಮಣ್ಣಿನ ಕೆಂಪಿನಿಂದ. ನಾನು ಬಂದಾಗ ನೀಲಿ. ಮೈದುನರ ಮದುವೆಗೆ ಕೆನೆಬಣ್ಣ. “ನೀಲಿ ಕಂಬದಾಗ ಬಂದಾಕಿ” ಎಂದು ಓಣಿಯ ಮುದುಕಿಯರು ನನ್ನನ್ನು ಗುರುತು ಹೇಳುತ್ತಿದ್ದರು. ಸಾಹೇಬರು ಬರುವುದೆಂದರೆ ಮದುವೆಗಿಂತ ಕಡಿಮೆಯೇನಲ್ಲ ಎಂದು ಅತ್ತೆ ತೀರ್ಮಾನಿಸಿದರು. ವಿಧವೆಯರ ಮನೆ, ಬಡತನ ಕಾಣಬಾರದು. ಮೈದುನರು ಬೆಳಗಾವಿಯಿಂದ ಎಲೆಹಸಿರು ಎಣ್ಣೆಬಣ್ಣದ ಡಬ್ಬಿಗಳನ್ನು ರೈಲಿನಲ್ಲಿ ಕಳಿಸಿದರು. ಮಾರಬೇಕೆಂದು ಹೊರಟವರೇ ಬಣ್ಣವನ್ನೂ ಕಳಿಸಿದರು, ಮಾನ ಎಲ್ಲರದೂ ಒಂದೇ ಅಲ್ಲವೇ. ಗೋಡೆಗೆ ಸುಣ್ಣ, ನೆಲಕ್ಕೆ ಸಾರಣೆ, ಕಂಬಕ್ಕೆ, ಬಾಗಿಲಿಗೆ ಹಸಿರು. ಮನೆ ಹೊಳೆಯಿತು. ನನಗೂ ಬಹಳ ಸಂತೋಷವಾಯಿತು. ನಮ್ಮಲ್ಲಿ ಒಬ್ಬರಿಗೂ ಬೇರೆ ಯೋಚನೆ ಬರಲಿಲ್ಲ.

ಸಾಹೇಬರು ಬಂದರು. ಮೈಸೂರು ಕಡೆಯವರು, ಕನ್ನಡಕ, ಕೈಯಲ್ಲಿ ನಾವು ಕೊಟ್ಟ ಫೋಟೋಗಳು. ಹೊಸ್ತಿಲಲ್ಲಿ ನಿಂತು ಒಮ್ಮೆ ಫೋಟೋ ನೋಡಿದರು, ಒಮ್ಮೆ ಪಡಸಾಲೆ ನೋಡಿದರು. ಚಪ್ಪಲಿ ಬಿಚ್ಚಲಿಕ್ಕೆ ಕಂಬ ಹಿಡಿದರು. ಬಣ್ಣ ಇನ್ನೂ ಒಣಗಿರಲಿಲ್ಲ. ಅಂಗೈ ಹಸಿರಾಯಿತು.

“ಏನಮ್ಮಾ ಇದು,” ಎಂದರು, ಸಿಟ್ಟಿಲ್ಲದೆ. “ನಾನು ಹಳೇ ಮನೆ ನೋಡೋಕೆ ಬಂದಿದ್ದು. ಅದೆಲ್ಲಿ ಇಟ್ಟಿದೀರಿ?”

ಅತ್ತೆ ಹೆಮ್ಮೆಯಿಂದ, “ನಿಮ್ಮ ಸಲುವಾಗಿನ ಹಚ್ಚಿಸೇವ್ರಿ ಸಾಹೇಬ್ರ. ಕುಂದರ್ರಿ,” ಎಂದರು.

ಅವರು ಕಮಲದ ಎಸಳುಗಳ ಸಂದಿನಲ್ಲಿ ಉಗುರಿನಿಂದ ಒತ್ತಿ ತೋರಿಸಿದರು. ಕೆತ್ತನೆಯೆಲ್ಲ ಬಣ್ಣದಿಂದ ತುಂಬಿ ಹೋಗಿತ್ತು. ಗಿಳಿ ಗಿಳಿಯ ಹಾಗೆ ಇರಲಿಲ್ಲ, ಹಸಿರು ಮುದ್ದೆಯ ಹಾಗಿತ್ತು. ನಿಯಮ ಹೀಗಿದೆ ಎಂದರು: ಮರ ಮರವಾಗಿ ಕಾಣಬೇಕು, ಆಮೇಲೆಯೇ ಕಟ್ಟಡ ಹಳೆಯದೆಂದು ಒಪ್ಪುವುದು, ಆಮೇಲೆಯೇ ಮಾಡಿನ ಲೆಕ್ಕ. ಹೀಗೇ ಬರೆದರೆ ಅರ್ಜಿ ಇಲ್ಲಿಗೇ ಮುಗಿಯುತ್ತದೆ. ಮಾರ್ಚ್ ಮುಗಿಯುವುದರೊಳಗೆ ಇನ್ನೊಮ್ಮೆ ಬರುತ್ತೇನೆ, ಅಷ್ಟರಲ್ಲಿ ತೆಗೆಸಿ. ಆದರೆ ಬೆಂಕಿ ಹಿಡಿದು ಸುಡಬೇಡಿ, ಉಳಿ ಹಚ್ಚಬೇಡಿ. ಹೇಗೆ ತೆಗೆಯುವುದು ಎಂದು ನಾನು ಕೇಳಬೇಕೆಂದೆ, ಬಾಯಿ ಬರಲಿಲ್ಲ. ಅವರು ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡು, ಕೈಯ ಹಸಿರನ್ನು ಚಿಮಣಿ ಎಣ್ಣೆಯಲ್ಲಿ ಒರೆಸಿಕೊಂಡು ಹೋದರು.

ಸುದ್ದಿ ಕೇಳಿ ಮೈದುನರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಸರಕಾರಕ್ಕ ಹಳೇದು ಬೇಕಂತ, ನಾವು ಹೊಸಾದು ಮಾಡಿ ಕೊಟ್ಟಿವಿ.”

ಮೊದಲು ಬಡಿಗನನ್ನು ಕರೆಸಿದೆ. ಬಹಳ ವರ್ಷದಿಂದ ಮನೆಯ ಕೆಲಸ ಮಾಡಿದವನು. ಒಡೆದ ಗಾಜಿನ ಚೂರಿನಿಂದ ಕೆರೆಯತೊಡಗಿದ. ಸಪಾಟು ಜಾಗದಲ್ಲಿ ಸರಿಯಾಗಿತ್ತು. ಕಮಲದ ಹತ್ತಿರ ಬಂದಾಗ ಗಾಜು ಒಳಗೆ ಹೋಗಲಿಲ್ಲ. ನಾನು ಅಡಿಗೆಮನೆಯಲ್ಲಿದ್ದಾಗ ಉಳಿ ಹಚ್ಚಿದ. ಬಂದು ನೋಡುವುದರೊಳಗೆ ಒಂದು ಎಸಳಿನ ಅಂಚು ಚಕ್ಕೆಯಾಗಿ ನೆಲದ ಮೇಲೆ ಬಿದ್ದಿತ್ತು.

“ಸಾಕು, ಬಿಡಪ್ಪಾ,” ಎಂದೆ.

“ಅಕ್ಕಾರ, ಇಷ್ಟಾದ್ರ ಏನಾತ್ರಿ, ಹೂವಿನಾಗ ಒಂದ ಎಸಳ ಹೋದ್ರ ಯಾರ ಎಣಸ್ತಾರ?”

“ಸಾಹೇಬ್ರ ಕೈಯಾಗ ಫೋಟೋ ಐತಿ,” ಎಂದೆ. ಅವನು ಉಳಿ ಚೀಲಕ್ಕೆ ಹಾಕಿಕೊಂಡ.

ಚಿಮಣಿ ಎಣ್ಣೆ ಹಚ್ಚಿ ತಿಕ್ಕಿದೆವು. ಮೇಲಿನ ಹಸಿರು ಸ್ವಲ್ಪ ಸವರಿಕೊಂಡು ಎಲ್ಲ ಕಡೆ ಹರಡಿತು, ಕೆಳಗಿನವು ಅಲುಗಲಿಲ್ಲ. ಬಿಸಿನೀರು, ಸೀಗೆಕಾಯಿ, ಬೂದಿ, ಯಾವುದೂ ಆಗಲಿಲ್ಲ. ದಿನಗಳು ಹೋಗುತ್ತಿದ್ದವು.

ಖಾನಾವಳಿಯಲ್ಲಿ ಎಣ್ಣೆ ಸುಟ್ಟು ಅಂಟಿಕೊಂಡ ಕಡಾಯಿಗಳನ್ನು ನಾವು ಸುಣ್ಣ ಮತ್ತು ಬಟ್ಟೆ ಒಗೆಯುವ ಸೋಡಾ ಕಲಸಿ ಹಚ್ಚಿ ರಾತ್ರಿ ಬಿಡುತ್ತಿದ್ದೆವು. ಬೆಳಿಗ್ಗೆ ಆ ಕರಿ ಪದರು ತಾನೇ ಎದ್ದು ಬರುತ್ತಿತ್ತು. ಬಣ್ಣವೂ ಎಣ್ಣೆಯದೇ ಅಲ್ಲವೇ ಎಂದು ಒಂದು ಸಂಜೆ ಹೊಳೆಯಿತು. ಹಿತ್ತಿಲ ಕಡೆಯ ಕಂಬದ ಬುಡದಲ್ಲಿ, ಯಾರಿಗೂ ಕಾಣದ ಕಡೆ, ಅಂಬಲಿಯ ಹದಕ್ಕೆ ಕಲಸಿ ಮೆತ್ತಿದೆ. ಒಣಗಿದರೆ ಕೆಲಸ ನಿಲ್ಲುತ್ತದೆಂದು ಮೇಲೆ ಒದ್ದೆ ಗೋಣಿ ಸುತ್ತಿದೆ. ಬೆಳಿಗ್ಗೆ ಗೋಣಿ ಬಿಚ್ಚಿದಾಗ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಬಂತು. ತೆಂಗಿನ ನಾರಿನಿಂದ ಒರೆಸಿ, ಬಿದಿರಿನ ಕಡ್ಡಿಯನ್ನು ಚೂಪು ಮಾಡಿ ಎಸಳಿನ ಸಂದಿಯಲ್ಲಿ ಆಡಿಸಿದೆ. ನೀರು ಹಾಕಿದೆ.

ಕೆಳಗಿನ ಮರ ರೊಟ್ಟಿ ಸುಡುವ ಹಂಚಿನ ಹಾಗೆ ಕಪ್ಪಾಗಿತ್ತು.

ಅತ್ತೆ ಬಂದು ನೋಡಿ ಹಣೆ ಬಡಿದುಕೊಂಡರು. “ಕಂಬಾ ಸುಟ್ಟಿ ಬೇ. ಹಸಿರs ಚಲೋ ಇತ್ತಲ್ಲ.” ಆ ದಿನ ನಾನು ಸಾರಿಗೆ ಉಪ್ಪು ಹಾಕುವುದನ್ನು ಮರೆತೆ. ಉಣ್ಣುವವರು ತಾವೇ ಉಪ್ಪು ಹಾಕಿಕೊಂಡು ಉಂಡರು, ಎಲ್ಲರಿಗೂ ಸುದ್ದಿ ಮುಟ್ಟಿತ್ತು.

ಮಧ್ಯಾಹ್ನ ಹಿತ್ತಾಳೆ ಚರಿಗೆಗಳನ್ನು ಆಮಸೋಲದ ನೀರಿನಲ್ಲಿ ಬೆಳಗುತ್ತಿದ್ದೆ. ನಮ್ಮ ಕಾಡಿನ ಮುರುಗಲ ಹುಳಿ, ನಿಮಗೆ ಸಾರಿನಲ್ಲಿ ಹಾಕುವುದು ಗೊತ್ತು. ಹುಳಿ ಬಿದ್ದಲ್ಲಿ ಕಪ್ಪು ಬಿಡುತ್ತದೆ. ಅದೇ ನೀರನ್ನು ಕೈಯಲ್ಲಿ ಹಿಡಿದು ಹೋಗಿ ಕಂಬದ ಬುಡಕ್ಕೆ ಒರೆಸಿದೆ. ಕಪ್ಪಿನ ಕೆಳಗಿನಿಂದ ಜೇನಿನ ಬಣ್ಣ ಬಂತು. ಮತ್ತೆ ಒರೆಸಿದೆ. ಮರದ ಎಳೆಗಳು ಕಂಡವು. ಸಾಗವಾನಿಯ ವಾಸನೆ ಬಂತು. ಅಷ್ಟು ವರ್ಷ ಈ ಮನೆಯಲ್ಲಿದ್ದೂ ನಾನು ಆ ಕಂಬದ ಮರವನ್ನು ಅಂದೇ ಮೊದಲು ನೋಡಿದ್ದು.

ಆಮೇಲೆ ಕೆಲಸಕ್ಕೆ ಒಂದು ಕ್ರಮ ಬಂತು. ರಾತ್ರಿ ಊಟದವರು ಎದ್ದ ಮೇಲೆ ಒಂದು ಕಂಬಕ್ಕೆ ಸುಣ್ಣ-ಸೋಡಾ ಮೆತ್ತಿ ಗೋಣಿ ಸುತ್ತುವುದು. ಬೆಳಿಗ್ಗೆ ರೊಟ್ಟಿಗೆ ಮೊದಲು ಬಿಚ್ಚಿ ಪದರು ತೆಗೆಯುವುದು. ಬಹಳ ನೀರು. ಆಮೇಲೆ ಹುಳಿನೀರು, ಹೆಚ್ಚು ಹೊತ್ತು ಬಿಡಬಾರದು, ಮತ್ತೆ ನೀರು. ನೆರಳಿನಲ್ಲೇ ಒಣಗಬೇಕು, ಅದಕ್ಕೆ ಅಂಗಳದ ಕಡೆ ಸೀರೆ ಕಟ್ಟುತ್ತಿದ್ದೆವು. ಪೂರ್ತಿ ಒಣಗಿದ ಮೇಲೆ ಅಗಸೆ ಎಣ್ಣೆಯನ್ನು ಅರಿವೆಯಲ್ಲಿ ಅದ್ದಿ ತಿಕ್ಕುವುದು. ಎಲ್ಲ ಕಂಬವೂ ಒಂದೇ ರಾತ್ರಿಗೆ ಬಿಡುತ್ತಿರಲಿಲ್ಲ, ಕೆಲವಕ್ಕೆ ಮೂರು ನಾಲ್ಕು ಸಲ ಮೆತ್ತಬೇಕಾಗುತ್ತಿತ್ತು. ನನ್ನ ಕೈಗಳ ತೊಗಲು ಸುಲಿದು, ಕೊಬ್ಬರಿ ಎಣ್ಣೆ ಹಚ್ಚಿ ಅರಿವೆ ಸುತ್ತಿಕೊಂಡು ರೊಟ್ಟಿ ಬಡಿದೆ. ಡಿಪೋದ ಒಬ್ಬರು, “ಅಜ್ಜಿ, ಇವತ್ತ ಪಲ್ಯಕ್ಕ ಸುಣ್ಣ ಹಾಕೀರೋ, ಕಂಬಕ್ಕ ಹಾಕೀರೋ?” ಎಂದು ಅತ್ತೆಯನ್ನು ಕಾಡುತ್ತಿದ್ದರು. ಅತ್ತೆ, “ನಿನ್ನ ನಾಲಿಗ್ಗೆ ಹಾಕ್ತೀನಿ ತಡಿ” ಎನ್ನುತ್ತಿದ್ದರು.

ಪದರುಗಳು ಬಂದ ಕ್ರಮವನ್ನೂ ಬರೆಯುತ್ತೇನೆ. ಮೊದಲು ಸಾಹೇಬರ ಹಸಿರು. ಅದರ ಕೆಳಗೆ ಮೈದುನರ ಕೆನೆಬಣ್ಣ. ಆಮೇಲೆ ನೀಲಿ. ನೀಲಿ ಎದ್ದು ಬಂದ ಮೊದಲ ದಿನ ನಾನು ಸ್ವಲ್ಪ ಹೊತ್ತು ಕುಳಿತೆ. ಆ ಕಂಬದ ಹತ್ತಿರವೇ ನಿಮ್ಮ ಅಜ್ಜ ಒದ್ದೆ ಬಣ್ಣಕ್ಕೆ ತೋಳು ತಾಗಿಸಿಕೊಂಡು, ಹೊಸ ಅಂಗಿಯ ತುಂಬ ನೀಲಿ ಮಾಡಿಕೊಂಡು, ಮದುವೆಯ ದಿನ ತಾಯಿಯಿಂದ ಬೈಸಿಕೊಂಡದ್ದು. ನಾನು ತಲೆ ತಗ್ಗಿಸಿ ಕುಳಿತವಳಿಗೆ ಅವರ ಮುಖಕ್ಕಿಂತ ಮೊದಲು ಆ ತೋಳು ಕಂಡಿತ್ತು. ಆ ಪದರನ್ನು ಬುಟ್ಟಿಗೆ ಹಾಕಿ ಕೆಲಸ ಮುಂದುವರಿಸಿದೆ. ರೊಟ್ಟಿಯ ಹೊತ್ತಾಗಿತ್ತು.

ಕೊನೆಗೆ ಉಳಿದದ್ದು ನಡುಮನೆಯ ಬಾಗಿಲ ಪಕ್ಕದ ಕಂಬ, ಅತ್ತೆ ಸದಾ ಒರಗಿ ಕೂರುವ ಕಂಬ. ಅದಕ್ಕೆ ಮೆತ್ತಿದ ಮರುದಿನ ಹಸಿರು, ಕೆನೆ, ನೀಲಿ ಮೂರೂ ಒಟ್ಟಿಗೆ ಬಂದವು. ಕೆಳಗಿನ ಕಾವಿ ಹಾಗೇ ನಿಂತಿತ್ತು, ಕೆಂಪಗೆ, ನುಣ್ಣಗೆ. ಬೇರೆ ಕಂಬಗಳಲ್ಲಿ ಕಾವಿ ಚಕ್ಕೆಚಕ್ಕೆಯಾಗಿ ಹೋಗಿತ್ತು. ಇಲ್ಲಿ ಒಂದು ಕಡೆಯೂ ಹೋಗಿರಲಿಲ್ಲ. ಇನ್ನೊಮ್ಮೆ ಮೆತ್ತಲು ಬುಟ್ಟಿ ತಂದೆ. ಅತ್ತೆ ಬಂದು ಕಂಬಕ್ಕೆ ಬೆನ್ನು ಕೊಟ್ಟು ಕುಳಿತುಬಿಟ್ಟರು.

“ಇದನ್ನ ಬಿಡು.”

“ಅತ್ತಿ, ಸಾಹೇಬ್ರು ಎಲ್ಲಾ ತೆಗೀಬೇಕಂದಾರ.”

“ನಿನ್ನ ನೀಲಿ ತಗದಿ, ನಾ ಏನರ ಅಂದ್ನೇನ? ನಿನ್ನದು, ನೀ ತಗದಿ. ಇದು ನಂದು. ಇದs ಕಂಬಕ್ಕ ಕುಂದ್ರಿಸಿ ನನಗ ಅಕ್ಕಿಕಾಳ ಹಾಕ್ಯಾರ. ಒಂಬತ್ತ ವರ್ಷದಾಕಿ ಇದ್ದೆ. ನಿದ್ದಿ ಬಂದು ಇದಕ್ಕ ತಲಿ ಹಚ್ಚಿ ಮಲಗಿದ್ದೆ, ಮದುವಿ ಮುಗದದ್ದs ಗೊತ್ತಾಗಲಿಲ್ಲ.”

ಅವರು ನಗಲಿಲ್ಲ, ನಾನೂ ನಗಲಿಲ್ಲ. ಸಾಹೇಬರು ಬರಲು ದಿನ ಉಳಿದಿರಲಿಲ್ಲ. ಈ ಒಂದು ಕಂಬದಿಂದ ಮನೆಯೇ ಹೋಗಬಹುದಿತ್ತು. ಅತ್ತೆ ಹಳ್ಳಕ್ಕೆ, ಗುಡಿಗೆ ಹೋದಾಗ ಮೆತ್ತಿಬಿಡಬಹುದಿತ್ತು, ಆ ವಿಚಾರವೂ ಬಂತು. ಆದರೆ ಮನೆ ಉಳಿಸಬೇಕೆಂದು ಹೊರಟದ್ದು ಯಾರಿಗಾಗಿ? ಬುಟ್ಟಿಯನ್ನು ಹಿತ್ತಿಲಿಗೆ ಒಯ್ದು ತೊಳೆದಿಟ್ಟೆ. ಕಾವಿಯ ಮೇಲೆ ಎಣ್ಣೆಯನ್ನು ಮಾತ್ರ ಒರೆಸಿದೆ. ಸಾಹೇಬರಿಗೆ ನಾನೇ ಹೇಳಬೇಕು, ಅವರು ಕಂಡು ಕೇಳುವುದಕ್ಕಿಂತ ಮೊದಲು, ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಅವರು ಬಂದ ದಿನ ನಾನು ನಡುಮನೆಯ ಬಾಗಿಲು ದಾಟಿ ಹೊರಗೆ ಬಂದು ನಿಂತೆ. ಅವರು ಹೊಸ್ತಿಲಲ್ಲಿ ಚಪ್ಪಲಿ ಬಿಚ್ಚುತ್ತಿರುವಾಗಲೇ ಹೇಳಿದೆ. “ಸಾಹೇಬ್ರ, ಒಂದ ಕಂಬ ಪೂರಾ ತಗದಿಲ್ರಿ. ಅದು ನಮ್ಮ ಅತ್ತಿಯವರ ಮದುವಿ ಬಣ್ಣ. ತಗಿಯಾಕ ಆಗಂಗಿಲ್ರಿ.” ಅಷ್ಟು ಉದ್ದ ಮಾತು ಪರಗಂಡಸಿನ ಮುಂದೆ ಆಡಿದ್ದು ಅದೇ ಮೊದಲು.

ಅವರು ಒಂದೊಂದೇ ಕಂಬ ಮುಟ್ಟಿ ನೋಡುತ್ತ ಬಂದರು. ಗಿಳಿಗಳ ಮುಂದೆ ಬಹಳ ಹೊತ್ತು ನಿಂತರು. ಕಾವಿಯ ಕಂಬಕ್ಕೆ ಬೆರಳು ಒದ್ದೆ ಮಾಡಿ ಉಜ್ಜಿದರು. ಅತ್ತೆ ಅಲ್ಲೇ ಕುಳಿತಿದ್ದರು, ಏಳಲಿಲ್ಲ.

“ಸಾಹೇಬ್ರ, ನಿಮ್ಮ ಮನ್ಯಾಗ ನಿಮ್ಮ ತಾಯಾರ ಮದುವಿದು ಏನರ ಉಳದೈತ್ರೀ?” ಎಂದು ಅತ್ತೆ ಕೇಳಿದರು.

“ನಮ್ಮ ಮನೆ ಮಾರಿಬಿಟ್ವಮ್ಮ,” ಎಂದರು ಅವರು. ಬೆರಳು ಒರೆಸಿಕೊಳ್ಳುತ್ತ, ಕಾವಿ ಹಳೆಯ ಕಾಲದ್ದೇ, ಡಬ್ಬಿಯ ಬಣ್ಣವಲ್ಲ, ಅದು ಇರಲಿ ಎಂದರು. ಆದರೆ ಒಂದು ಕಂಬ ಹಾಗೇ ಉಳಿದದ್ದರಿಂದ ನಿಯಮದ ಪ್ರಕಾರ ಕಂಬಗಳ ಬಾಬತ್ತಿಗೆ ಸಹಾಯ ಶಿಫಾರಸು ಮಾಡಲು ಬರುವುದಿಲ್ಲ, ಮಾಡಿಗೆ ಮಾತ್ರ ಬರೆಯುತ್ತೇನೆ. ಅಂದರೆ ನನ್ನ ಕೈಯ ತೊಗಲು ಹೋದ ಕೆಲಸಕ್ಕೆ ಸರ್ಕಾರದಿಂದ ಏನೂ ಇಲ್ಲ. ಆದರೆ ಆ ಕೆಲಸ ಆಗದಿದ್ದರೆ ಮಾಡಿಗೂ ಇರುತ್ತಿರಲಿಲ್ಲ. ನಾನು ತಲೆಯಾಡಿಸಿದೆ.

ಹುಕುಂ ಯುಗಾದಿಯ ಮುಂಚೆಯೇ ಬಂತು. ತೊಡಕು ಬೇರೆ ಕಡೆಯಿಂದ ಬಂತು. ಕಟ್ಟಿಗೆ ವ್ಯಾಪಾರಿ ಒಂದು ದಿನ ಮೈದುನರ ಜೊತೆ ಬಂದು ತೊಳೆದ ಕಂಬಗಳನ್ನು ನೋಡಿದ. ಬಣ್ಣದ ಕೆಳಗೆ ಇಂಥ ಮಾಲು ಇದೆಯೆಂದು ಅವನಿಗೂ ಗೊತ್ತಿರಲಿಲ್ಲ. ಮೊದಲು ಹೇಳಿದ್ದಕ್ಕಿಂತ ಬಹಳ ಹೆಚ್ಚು ಹೇಳಿ ಹೋದ. ಮೈದುನರು ಕಮಲದ ಮೇಲೆ ಕೈಯಾಡಿಸುತ್ತ, “ವೈನಿ, ತಿಕ್ಕಿ ತಿಕ್ಕಿ ನೀವs ಇದರ ಕಿಮ್ಮತ್ತು ಏರಿಸಿದ್ರಿ. ಈಗ ನಾ ಏನ ಮಾಡ್ಲಿ?” ಎಂದರು. ಅರ್ಧ ಚೇಷ್ಟೆ, ಅರ್ಧ ಖರೇ.

ಒಪ್ಪಂದದ ಕಾಗದಕ್ಕೆ ಇಬ್ಬರ ಸಹಿ ಬೇಕಿತ್ತು. ಮನೆ ಮಾರಬಾರದು, ಕೆಡವಬಾರದು, ಮರಕ್ಕೆ ಬಣ್ಣ ಹಚ್ಚಬಾರದು, ಎಣ್ಣೆ ಮಾತ್ರ ಹಚ್ಚಬಹುದು ಎಂದಿತ್ತು, ಅದೂ ಬಹಳ ವರ್ಷಗಳ ತನಕ. ಮೈದುನರೇ ಖಾನಾಪುರಕ್ಕೆ ಬಂದು ನನ್ನನ್ನು ಕರೆದುಕೊಂಡು ಹೊರಟರು. ಗಾಡಿಯಲ್ಲಿ ಎದುರುಬದುರು ಕುಳಿತೆವು. ಅವರು ಕಾಗದ ಓದಿ ಮಡಚುವುದು, ಮತ್ತೆ ಬಿಚ್ಚುವುದು. ದೇಸೂರಿನಲ್ಲಿ ಗಾಡಿ ನಿಂತಿತು.

“ಅವ್ವ ಇರೂತನ ಅಂದ್ರ ನಾ ಒಪ್ತಿದ್ದೆ ವೈನಿ. ಇವ್ರು ಅದಕಿಂತ ಹೆಚ್ಚಿಗಿ ಬರದಾರ. ಮಾತ ಕೊಟ್ಟೀನಿ ಖರೇ, ಆದ್ರ ಖಾಸಬಾಗದಾಗ ನಾನೂ ಎಷ್ಟ ದಿನಾ ಬಾಡಿಗಿ ಮನ್ಯಾಗ ಇರ್ಲಿ?”

ಎದುರಿನ ಗಾಡಿ ಇನ್ನೂ ಬಂದಿರಲಿಲ್ಲ. “ಮಾಡಿನ ಖರ್ಚಿನಾಗ ನಮ್ಮ ಪಾಲಿನ ಅರ್ಧ ಖಾನಾವಳಿಯಿಂದ ನಾ ನೋಡ್ಕೋತೀನಿ, ನಿಮ್ಮನ್ನ ಕೇಳಂಗಿಲ್ಲ,” ಎಂದೆ.

“ನಾ ಅದನ್ನ ಕೇಳಿಲ್ಲಲ್ರಿ.”

“ಕಂಬಾ ಬಿಚ್ಚಿದ ಮ್ಯಾಲ, ಅತ್ತಿ ಎದಕ್ಕ ಬೆನ್ನ ಹಚ್ಚಿ ಕುಂದರಬೇಕ್ರಿ?”

ಎದುರಿನ ಗಾಡಿ ಬಂದು ಹೋಯಿತು. ಮೈದುನರು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು, ಮತ್ತೆ ತೆಗೆಯಲಿಲ್ಲ. ಕಚೇರಿಯಲ್ಲಿ ನನಗಿಂತ ಮೊದಲು ಅವರೇ ಸಹಿ ಮಾಡಿದರು. ಹೊರಗೆ ಬಂದ ಮೇಲೆ ಚಹಾ ಕುಡಿಸಿ, “ಕಟ್ಟಿಗಿಯಾವ ನನ್ನ ಇನ್ನ ಮಾರಿ ನೋಡಂಗಿಲ್ಲ,” ಎಂದು ನಕ್ಕರು. ಬಾಡಿಗೆ ಮನೆಯಲ್ಲೇ ಅವರು ಇನ್ನೂ ಬಹಳ ವರ್ಷ ಇದ್ದರು. ಅದನ್ನು ನೀವು ಮರೆಯಬಾರದು.

ಮಾಡಿನ ಕೆಲಸ ಮೇ ತಿಂಗಳಲ್ಲಿ ಆಯಿತು. ಮೆತ್ತಗಾದ ತೊಲೆಯ ತುದಿಯಷ್ಟನ್ನೇ ಕತ್ತರಿಸಿ ಹೊಸ ಸಾಗವಾನಿ ಜೋಡಿಸಿದರು. ಹಳೆಯ ನಮೂನೆಯ ಹಂಚನ್ನೇ ಹಾಕಬೇಕೆಂದು ಷರತ್ತಿತ್ತು, ನಮ್ಮೂರಿನ ಕುಂಬಾರರೇ ಮಾಡಿಕೊಟ್ಟರು. ಆ ಮಳೆಗಾಲ ಅತ್ತೆಯ ಹಾಸಿಗೆ ಹಾಸಿದಲ್ಲೇ ಇತ್ತು.

ಎಂಬತ್ತರ ದಶಕದಲ್ಲಿ ನಿಮ್ಮ ಅವ್ವನ ಮದುವೆ ಗೊತ್ತಾಯಿತು. ಓಣಿಯವರು ಮೊದಲು ಕೇಳಿದ್ದು, ಈ ಸಲ ಯಾವ ಬಣ್ಣ ಎಂದು. ಬಣ್ಣವಿಲ್ಲ, ಕಾಗದಕ್ಕೆ ಸಹಿ ಮಾಡಿದ್ದೇವೆ ಎಂದೆ. “ಮದುವಿ ಮನಿ ಅನ್ನೂ ಗುರ್ತs ಇಲ್ಲಲ್ಲ,” ಎಂದು ಒಬ್ಬರು ಅಂದರು. ಅತ್ತೆಗೆ ಅದು ಚುಚ್ಚಿತು.

ಅರಿಷಿಣ ಎಣ್ಣೆಯ ದಿನ ಪಡಸಾಲೆಯಲ್ಲಿ ಮುತ್ತೈದೆಯರು ನಿಮ್ಮ ಅವ್ವನನ್ನು ಮಣೆಯ ಮೇಲೆ ಕೂರಿಸಿ ಹಚ್ಚುತ್ತಿದ್ದರು. ಅತ್ತೆ ಮತ್ತು ನಾನು ನಡುಮನೆಯ ಬಾಗಿಲಲ್ಲಿ ನಿಂತಿದ್ದೆವು. ಗಂಡ ಹೋದ ನಮ್ಮಂಥವರು ಅಲ್ಲೇ ನಿಲ್ಲುವುದು ಆಗಿನ ರೂಢಿ. ಹಚ್ಚಿ ಮುಗಿದು, ಬಟ್ಟಲಲ್ಲಿ ಎಣ್ಣೆ ಉಳಿಯಿತು. ಅತ್ತೆ ಮೈದುನರನ್ನು ಕೂಗಿದರು.

“ಏ ತಮ್ಮಾ, ಕಂಬಕ್ಕ ಎಣ್ಣಿ ಹಚ್ಚಬ್ಯಾಡಂತ ಕಾಗದದಾಗ ಬರದಾರೇನ?”

“ಇಲ್ಲ ಯವ್ವಾ. ಎಣ್ಣಿ ಹಚ್ಚಬೌದು.”

“ಎಂಥಾ ಎಣ್ಣಿ ಅಂತ ಬರದಾರ?”

“ಅದನ್ನೇನ ಬರದಿಲ್ಲ.”

ಅತ್ತೆ ಮುತ್ತೈದೆಯರ ನಡುವೆ ನಡೆದು ಹೋಗಿ ಆ ಬಟ್ಟಲನ್ನು ಎತ್ತಿಕೊಂಡರು. ಯಾರೋ, “ಅಜ್ಜಿ, ನೀವ್ಯಾಕ್ರೀ, ಇಲ್ಲಿ ತರ್ರಿ,” ಎಂದು ಕೈ ಚಾಚಿದರು. ಅತ್ತೆ ಕೊಡಲಿಲ್ಲ.

“ಕಂಬಕ್ಕ ಎಣ್ಣಿ ಹಚ್ಚಾಕ ಮುತ್ತೈದಿನ ಬೇಕಂತ ಯಾವ ಶರಣರು ಹೇಳ್ಯಾರ? ತೊಳದಾಕಿ ಅಲ್ಲಿ ನಿಂತಾಳ. ಆಕಿನ ಹಚ್ಚಲಿ.”

ಬಟ್ಟಲನ್ನು ತಂದು ನನ್ನ ಕೈಗೆ ಕೊಟ್ಟರು. ನಾನು ಮೊದಲ ಕಂಬದ ಮುಂದೆ ಕುಳಿತು, ಬೆರಳನ್ನು ಅರಿಷಿಣದ ಎಣ್ಣೆಯಲ್ಲಿ ಅದ್ದಿ, ಕಮಲದ ಎಸಳುಗಳಿಗೆ ಹಚ್ಚತೊಡಗಿದೆ. ನಿಮ್ಮ ಅವ್ವ ಮಣೆಯ ಮೇಲಿಂದ ನೋಡುತ್ತಿದ್ದಳು. ಎಲ್ಲ ಕಂಬ ಮುಗಿಯುವ ತನಕ ಅವಳನ್ನು ಸ್ನಾನಕ್ಕೆ ಎಬ್ಬಿಸಲಿಲ್ಲ.